ಮಳೆಗಾಲದಲ್ಲಿ ಹೈಸ್ಕೂಲ್ ಮಕ್ಕಳ ಕೈಲಿ ಏನೇನು ಅಳೆಸಬಹುದು? ಮಲೆನಾಡಿನ ಮೇಷ್ಟ್ರುಗಳು, ತೋಟದವರು ದಯವಿಟ್ಟು ಹೇಳಿ

ತೀರ್ಥಹಳ್ಳಿ ಕಡೆಯ ವಿಜ್ಞಾನ ಮೇಷ್ಟ್ರು

ಕಳೆದ ವರ್ಷ ಶಾಲೆ ಶುರುವಾದ ವಾರವೇ ಒಂಬತ್ತನೇ ತರಗತಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಇನ್ನೂ ಮಳೆ ಹಿಡಿದಿರಲಿಲ್ಲ. ಹಾಲಿನ ಪುಡಿ ಡಬ್ಬಿಗಳ ತಳ ಕತ್ತರಿಸಿ ಇಟ್ಟುಕೊಂಡಿದ್ದೆವು. ಡಬ್ಬಿಯನ್ನು ನೆಲಕ್ಕೆ ಎರಡು ಬೆರಳಿನಷ್ಟು ಒತ್ತಬೇಕು, ಅರ್ಧ ಲೀಟರ್ ನೀರು ಸುರಿಯಬೇಕು, ಅದು ಇಂಗಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಬೇಕು. ಇಷ್ಟೇ ಕೆಲಸ. ಮೂರು ಜಾಗ ಆರಿಸಿಕೊಂಡೆವು: ಶಾಲೆ ಮೈದಾನ, ಪಕ್ಕದ ಅಡಿಕೆ ತೋಟ, ತೋಟದ ಮೇಲಿರುವ ಕಾನಿನ (ದಟ್ಟ ಕಾಡಿನ) ಅಂಚು.

ಉತ್ತರ ನನಗೆ ಗೊತ್ತು ಅಂದುಕೊಂಡಿದ್ದೆ. ಕಾನಿನಲ್ಲಿ ಬೇಗ, ತೋಟದಲ್ಲಿ ಸ್ವಲ್ಪ ನಿಧಾನ, ಮೈದಾನದಲ್ಲಿ ಎಲ್ಲಕ್ಕಿಂತ ನಿಧಾನ. ಕಾನು, ಮೈದಾನ ಎರಡೂ ಹಾಗೇ ಬಂದವು. ಆದರೆ ತೋಟಕ್ಕೆ ಹೋದ ಒಂದು ಗುಂಪಿನ ಲೆಕ್ಕ ಮೈದಾನಕ್ಕಿಂತಲೂ ನಿಧಾನ ಬಂತು. "ಸರಿಯಾಗಿ ಮಾಡಿಲ್ಲ ನೀವು" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಆ ಗುಂಪಿನ ಒಬ್ಬ ಹುಡುಗಿ ಮಾರನೇ ದಿನ ಒಬ್ಬಳೇ ಹೋಗಿ ಮತ್ತೆ ಅಳೆದು ಬಂದಳು. ಅವರು ಡಬ್ಬಿ ಇಟ್ಟಿದ್ದು ಗೊಬ್ಬರ ಹೊರುವವರು, ಅಡಿಕೆ ಕೊನೆ (ಗೊನೆ) ತೆಗೆಯುವವರು ಓಡಾಡುವ ಕಾಲುದಾರಿಯಲ್ಲಿ. ಅಲ್ಲಿಂದ ಎರಡು ಮಾರು ಆಚೆ, ಸೊಪ್ಪು ಹಾಸಿದ ಮರದ ಬುಡದಲ್ಲಿ, ನೀರು ಕಾನಿನಷ್ಟೇ ಬೇಗ ಇಂಗಿತ್ತು. ಒಂದೇ ತೋಟ, ಒಂದೇ ಮಣ್ಣು. ಮನುಷ್ಯರ ಕಾಲು ಬಿದ್ದ ಜಾಗ, ಬೀಳದ ಜಾಗ, ಅಷ್ಟೇ ವ್ಯತ್ಯಾಸ.

ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ. ಆ ವರ್ಷ ಒಬ್ಬಳು ಅದನ್ನು ನನಗೆ ಹೇಳಿದಳು.

ಈ ವರ್ಷ ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳಿಗೆ ಕೊಡಬೇಕು ಅಂತ ನಿರ್ಧಾರ ಮಾಡಿದ್ದೇನೆ. ಖರ್ಚು ಕಡಿಮೆ ಇರಬೇಕು, ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಆಗಬೇಕು, ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆಯಬೇಕು. ಥರ್ಮಾಕೋಲ್ ಮೇಲೆ ಜಲಚಕ್ರದ ಮಾಡೆಲ್ ಬೇಡ. ನಮ್ಮ ಕಿಟಕಿಯ ಹೊರಗೇ ಜಲಚಕ್ರ ಸುರಿಯುತ್ತಿರುತ್ತದೆ, ಅಲ್ವಾ?

ಶಿವಮೊಗ್ಗ ಪೇಟೆಯ ಟೀಚರ್

ಸರ್, ನಿಮಗೆ ಕಾನು ಇದೆ, ತೋಟ ಇದೆ. ನಮ್ಮ ಶಾಲೆಗೆ ಮೈದಾನವೂ ಸರಿಯಾಗಿಲ್ಲ. ಸುತ್ತ ಕಾಂಕ್ರೀಟು. ಮೊದಲು ಇದೇ ನನ್ನ ಕೊರಗಾಗಿತ್ತು.

ಆಮೇಲೆ ಹೊಳೆ ನೆನಪಾಯಿತು. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ಕಲ್ಲಿನ ಮಂಟಪ ಇದೆಯಲ್ಲ, ಅದು ಮುಳುಗಿದರೆ ಹೊಳೆ ತುಂಬಿತು ಅಂತ ನಮ್ಮ ಊರಿನವರು ಲೆಕ್ಕ ಹಾಕುತ್ತಾರೆ. ನಿಮ್ಮ ತೀರ್ಥಹಳ್ಳಿಯಲ್ಲಿ ರಾಮಮಂಟಪ ಹೇಗೋ ಹಾಗೆ. ಅಜ್ಜ ಅಜ್ಜಿಯರಿಗೆಲ್ಲ ಗೊತ್ತಿರುವ ಅಳತೆಗೋಲು ಇದು. ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ದಿನಾ ಒಂದೇ ಹೊತ್ತಿಗೆ, ಸೇತುವೆ ಮೇಲೆ ಒಂದೇ ಜಾಗದಲ್ಲಿ ನಿಂತು, ಮಂಟಪದ ಒಂದು ಫೋಟೋ. ಕೆಳಗೆ ಇಳಿಯುವ ಹಾಗೇ ಇಲ್ಲ. ಮನೆಯ ದೊಡ್ಡವರು ಜೊತೆಗೆ ಇರಲೇಬೇಕು. ಸೇತುವೆ ದಾಟಿ ಶಾಲೆಗೆ ಬರುವ ಇಬ್ಬರು ಮಕ್ಕಳ ಅಪ್ಪಂದಿರು ಒಪ್ಪಿದರು. ಫೋಟೋದಲ್ಲಿ ಕಲ್ಲಿನ ವರಸೆ ಎಣಿಸಿ ಗ್ರಾಫ್ ಹಾಕಿದೆವು.

ಪೇಪರ್‌ನಲ್ಲಿ ದಿನಾ ಜಲಾಶಯಗಳ ಮಟ್ಟ ಬರುತ್ತದೆ. ಲಿಂಗನಮಕ್ಕಿ ಪೂರ್ಣ ಮಟ್ಟ 1,819 ಅಡಿ, ಭದ್ರಾ 186 ಅಡಿ. "ಲಿಂಗನಮಕ್ಕಿ ಭದ್ರಾಕ್ಕಿಂತ ಹತ್ತು ಪಟ್ಟು ಆಳವಾ ಮಿಸ್?" ಅಂತ ಒಬ್ಬ ಕೇಳಿದ. ಎಷ್ಟು ಒಳ್ಳೆ ಪ್ರಶ್ನೆ! ಒಂದು ಸಮುದ್ರ ಮಟ್ಟದಿಂದ ಎಣಿಸಿದ್ದು, ಇನ್ನೊಂದು ಅಣೆಕಟ್ಟಿನ ಬುಡದಿಂದ. ಅಳತೆ ಅಂದರೆ ಎಲ್ಲಿಂದ ಅಂತಲೂ ಕೇಳಬೇಕು ಅನ್ನುವುದು ಅವತ್ತು ಇಡೀ ಕ್ಲಾಸಿಗೆ ತಿಳಿಯಿತು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಎರಡು ಕೊಡ ನೀರು ಅಂದುಕೊಳ್ಳಿ ಅಂದೆ. ಆಮೇಲೆ ಅವರು ಪೇಪರ್ ಓದುವ ರೀತಿಯೇ ಬದಲಾಯಿತು.

ಆರೋಗ್ಯ ಕಾರ್ಯಕರ್ತೆ, ಸೊರಬ

ಮೇಷ್ಟ್ರೇ, ಒಳ್ಳೆ ಕೆಲಸ. ಆದರೆ ಇದನ್ನು ಹೇಳದೆ ಇರಲಾರೆ. ಮಕ್ಕಳನ್ನು ಕಾಡಿಗೆ, ಕಾನಿನ ಅಂಚಿಗೆ ಕರೆದುಕೊಂಡು ಹೋಗುವ ಯಾವ ಕೆಲಸವನ್ನೂ ಡಿಸೆಂಬರ್‌ನಿಂದ ಮೇ ತನಕ ಇಟ್ಟುಕೊಳ್ಳಬೇಡಿ.

ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಜಗತ್ತಿನ ಪುಸ್ತಕಗಳಲ್ಲೆಲ್ಲ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಇದೆ. ಆರು ದಶಕ ಕಳೆದ ಮೇಲೂ, 2019ರಲ್ಲಿ ಸಾಗರದ ಅರಳಗೋಡು ಕಡೆ ಎಷ್ಟು ಸಾವು ನೋವಾಯಿತು ಅಂತ ನಮಗೆಲ್ಲ ನೆನಪಿದೆ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಬೇಸಿಗೆಯಲ್ಲಿ ಅದರ ಮರಿಗಳು ಎಳ್ಳಿನಷ್ಟು ಸಣ್ಣಗೆ ಇರುತ್ತವೆ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅವು ಕಾಯುತ್ತಾ ಕೂರುವುದು ಎಲ್ಲಿ? ನೀವು ಮಕ್ಕಳಿಗೆ ಬಗ್ಗಿ ನೋಡಿ ಅನ್ನುವ ಅದೇ ತರಗೆಲೆಯ ಮೇಲೆ.

ಮಳೆಗಾಲದಲ್ಲಿ ಅಪಾಯ ಕಡಿಮೆ. ಆದರೂ ಉದ್ದ ತೋಳು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳುವುದು, ಮನೆಗೆ ಹೋಗಿ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು, ಇವೆಲ್ಲ ರೂಢಿಯಾಗಲಿ. ಕಾಯಿಲೆಯ ಊರುಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ನಾವು ಕೊಡುತ್ತೇವೆ, ಕೇಳಿ ಪಡೆಯಿರಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬಾರದು, ಮುಟ್ಟಬಾರದು, ಆಸ್ಪತ್ರೆಗೆ ತಿಳಿಸಬೇಕು. ಇದನ್ನೂ ಪರಿಸರ ಪಾಠದಲ್ಲೇ ಸೇರಿಸಿ. ಮಂಗ, ಉಣುಗು, ದನ, ಕಾಡು, ಮನುಷ್ಯ, ಎಲ್ಲ ಒಂದೇ ಸರಪಳಿಯಲ್ಲಿ ಇದ್ದೇವೆ. ಪುಸ್ತಕದ ಹುಲ್ಲು–ಮಿಡತೆ–ಕಪ್ಪೆಗಿಂತ ಇದು ನಮ್ಮ ಮಕ್ಕಳಿಗೆ ಹತ್ತಿರದ್ದು.

ಹತ್ತನೇ ಕ್ಲಾಸ್ ಹುಡುಗನ ಅಮ್ಮ

ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವನಿಗೆ ಬಸ್ಸಿನಲ್ಲೇ ದಿನಾ ಎರಡು ಗಂಟೆ ಹೋಗುತ್ತದೆ. ನೀರು ಇಂಗುವುದನ್ನು ನೋಡುತ್ತಾ ಕೂತರೆ ಮಾರ್ಕ್ಸ್ ಯಾರು ಕೊಡುತ್ತಾರೆ? ನಮ್ಮಂಥವರ ಮಕ್ಕಳಿಗೆ ಮಾರ್ಕ್ಸ್ ಬಿಟ್ಟರೆ ಬೇರೆ ದಾರಿ ಇಲ್ಲ ಮೇಷ್ಟ್ರೇ.

ತೀರ್ಥಹಳ್ಳಿ ಕಡೆಯ ವಿಜ್ಞಾನ ಮೇಷ್ಟ್ರು

ಅಮ್ಮಾ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕಕ್ಕೆ. ಆ 20ರಲ್ಲಿ ಚಟುವಟಿಕೆಯೂ ಬರುತ್ತದೆ. ಹೇಗೂ ಮಾಡಲೇಬೇಕಾದ ಚಟುವಟಿಕೆಯನ್ನು ಅಂಗಡಿಯಿಂದ ಚಾರ್ಟ್ ತಂದು ಮುಗಿಸುವ ಬದಲು ನಿಜವಾಗಿ ಮಾಡೋಣ ಅನ್ನುವುದಷ್ಟೇ ನನ್ನ ಕೋರಿಕೆ. ಹತ್ತನೇ ತರಗತಿಗೆ ದೊಡ್ಡ ಕೆಲಸ ಕೊಡುವುದಿಲ್ಲ. ಎಂಟು, ಒಂಬತ್ತರಲ್ಲೇ ಮಾಡಿಸುತ್ತೇನೆ. "ನಮ್ಮ ಪರಿಸರ" ಪಾಠಕ್ಕೆ ಬರುವ ಹೊತ್ತಿಗೆ ಅವರ ಕೈಗೆ ಮಣ್ಣು ಅಂಟಿರಬೇಕು.

ನಿಮ್ಮ ಮನೆಯಲ್ಲಿ ಬಾವಿ ಇದ್ದರೆ ಮಗನಿಗೆ ಒಂದೇ ಕೆಲಸ ಹೇಳಿ. ಭಾನುವಾರ ಬೆಳಿಗ್ಗೆ, ನೀರು ಸೇದುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ಕಟ್ಟೆಯಿಂದ ನೀರಿನವರೆಗೆ ಎಷ್ಟು ಅಡಿ ಅಂತ ಕ್ಯಾಲೆಂಡರ್ ಮೇಲೆ ಬರೆಯಲಿ. ಎರಡು ನಿಮಿಷ ಸಾಕು.

ತೋಟದ ಮನೆ, ಸಾಗರ

ನಾನು ಮೇಷ್ಟ್ರಲ್ಲ, ಅಡಿಕೆ ಬೆಳೆಗಾರ. ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ "ಅಜ್ಜ, ನೀನು ತೋಟಕ್ಕೆ ವಿಷ ಹಾಕ್ತೀಯ" ಅಂದಳು. ಮನಸ್ಸಿಗೆ ಬಹಳ ನೋವಾಯಿತು. ಯಾರೋ ಕ್ಲಾಸಿನಲ್ಲಿ ಹೇಳಿದ್ದಾರೆ, ಅವಳು ನಂಬಿದ್ದಾಳೆ. ಅವಳ ತಪ್ಪಿಲ್ಲ.

ಆ ವರ್ಷ ಅವಳನ್ನು ಕೂರಿಸಿಕೊಂಡು ಬೋರ್ಡೋ, ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ದ್ರಾವಣ, ತಯಾರಿಸಿದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, 50 ಲೀಟರ್ ನೀರಿನಲ್ಲಿ. ಸುಣ್ಣ ಒಂದು ಕೆಜಿ, ಇನ್ನೊಂದು 50 ಲೀಟರ್‌ನಲ್ಲಿ. ಎರಡನ್ನೂ ಸೇರಿಸಿದರೆ ಶೇಕಡಾ ಒಂದರ ದ್ರಾವಣ. ಸರಿಯಾಗಿದೆಯಾ ಅಂತ ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಹುಳಿ ಜಾಸ್ತಿ ಇದೆ, ಸುಣ್ಣ ಸಾಲದು ಅಂತ ಅರ್ಥ. ನನ್ನ ಅಪ್ಪ ಕಲಿಸಿದ್ದು. ಅವಳು ದಾಸವಾಳದ ಹೂವು ಕುದಿಸಿದ ನೀರು ತಂದು ಅದಕ್ಕೆ ಒಂದು ಚಮಚ ಬೋರ್ಡೋ ಹಾಕಿ ಬಣ್ಣ ನೋಡಿದಳು. ಹುಳಿಗೆ ಕೆಂಪು, ಸುಣ್ಣಕ್ಕೆ ಹಸಿರು. ನನ್ನ ಕತ್ತಿಯೂ ಅವಳ ಹೂವೂ ಒಂದೇ ಮಾತು ಹೇಳಿದವು.

ಕೊಳೆ ರೋಗ ಬಂದರೆ ವರ್ಷದ ದುಡಿಮೆ ನೆಲಕ್ಕೆ ಉದುರುತ್ತದೆ. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯದೆ ವಿಧಿಯಿಲ್ಲ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ಅದೂ ನಿಜ. ಹಾಗಾದರೆ ನಮ್ಮ ಮಣ್ಣಿನಲ್ಲಿ ಎರೆಹುಳ ಎಷ್ಟಿದೆ? ಇದು ನನಗೂ ಬೇಕಾದ ಉತ್ತರ. ಮಕ್ಕಳು ಬರಲಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಮುಕ್ಕಾಲು ಅಡಿ ಆಳದ ಮಣ್ಣು ಅಗೆದು, ಗೋಣಿ ಮೇಲೆ ಹರಡಿ ಎಣಿಸಲಿ. ಔಷಧಿ ಹೊಡೆಯುವ ಹಳೇ ತೋಟದಲ್ಲಿ ಹತ್ತು ಕಡೆ, ಯಾವತ್ತೂ ಹೊಡೆಯದ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಗುಡ್ಡದಲ್ಲಿ) ಹತ್ತು ಕಡೆ. ಎಣಿಸಿ ವಾಪಸ್ ಬಿಡಲಿ. ಔಷಧಿ ಹೊಡೆಯುವ ದಿನ ಮಾತ್ರ ಯಾವ ಮಗುವೂ ತೋಟದೊಳಗೆ ಬರಬಾರದು.

ಒಂದೇ ವಿನಂತಿ. ಲೆಕ್ಕ ಮುಗಿದ ಮೇಲೆ ನಮ್ಮನ್ನೂ ಕ್ಲಾಸಿಗೆ ಕರೆಯಿರಿ. ತೀರ್ಮಾನ ನಮ್ಮ ಎದುರಿಗೇ ಆಗಲಿ.

ಶಿವಮೊಗ್ಗ ಪೇಟೆಯ ಟೀಚರ್

ಅಜ್ಜ, ನಿಮ್ಮ ಪೋಸ್ಟನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಒಂದು ಸಂಶಯ. ಬೆಟ್ಟದಲ್ಲಿ ಹುಳ ಜಾಸ್ತಿ ಸಿಕ್ಕರೆ ಅದು ತಾಮ್ರ ಇಲ್ಲದ್ದಕ್ಕೋ, ಸೊಪ್ಪು ಜಾಸ್ತಿ ಇದ್ದದ್ದಕ್ಕೋ? ಬರೀ ಎಣಿಕೆಯಿಂದ ಹೇಳಲು ಬರುವುದಿಲ್ಲ. ತೋಟದೊಳಗೇ ಸೊಪ್ಪು ಹಾಸಿದ ಕಡೆ, ಹಾಸದ ಕಡೆ ಬೇರೆ ಬೇರೆ ಎಣಿಸಿದರೆ ಸ್ವಲ್ಪ ತಿಳಿಯಾದೀತು.

ಹಳೇ ವಿದ್ಯಾರ್ಥಿನಿ, ಈಗ ಅರಣ್ಯ ಓದುತ್ತಿದ್ದೇನೆ

ಸರ್, ನಿಮ್ಮ ಡಬ್ಬಿ ಪ್ರಯೋಗ ಓದಿ ಖುಷಿಯಾಯಿತು. ನಮ್ಮ ಕಾಲದಲ್ಲಿ ನೀವು ಮಾಡಿಸಿರಲಿಲ್ಲ!

ಅಕೇಶಿಯಾ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇದೆ. ನೀರು ಹೀರುತ್ತದೆ, ಕೆಳಗೆ ಹುಲ್ಲೂ ಹುಟ್ಟುವುದಿಲ್ಲ, ಎಲೆ ಕೊಳೆಯುವುದಿಲ್ಲ. ಕೊನೆಯದನ್ನು ಮಕ್ಕಳೇ ಪರೀಕ್ಷೆ ಮಾಡಬಹುದು. ಅಕೇಶಿಯಾ, ಮತ್ತಿ, ಹಲಸು, ಮೂರರ ಉದುರಿದ ಎಲೆ ತಂದು ಒಣಗಿಸಿ, ತಲಾ 10 ಗ್ರಾಂ ತೂಕ ಮಾಡಿ. ಜೇಬಿನಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನೆಟ್ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಹೊಲಿದು, ಶಾಲೆ ಹಿಂದಿನ ಮರದ ಕೆಳಗೆ ಮಣ್ಣಿಗೆ ತಾಗುವಂತೆ ಇಡಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೊನೆಗೆ ಒಂದೊಂದು ಜೊತೆ ತೆಗೆದು, ಮಣ್ಣು ತೊಳೆದು, ಒಣಗಿಸಿ ತೂಗಿ. ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟದ ಕೆಲಸ. ಅಡಿಕೆ ಒಣಗಿಸುವ ಅಟ್ಟ ಇದ್ದರೆ ಅಲ್ಲಿಡಿ.

ಚೀಲ ಎರಡು ಥರ ಮಾಡಿ. ಒಂದು ಸೊಳ್ಳೆ ಪರದೆ ಬಟ್ಟೆಯದು, ಇನ್ನೊಂದು ಈರುಳ್ಳಿ ತುಂಬುವ ದೊಡ್ಡ ಕಣ್ಣಿನದು. ದೊಡ್ಡ ಕಣ್ಣಿನ ಚೀಲಕ್ಕೆ ಎರೆಹುಳ, ಸಹಸ್ರಪದಿ ಬರುತ್ತವೆ. ಸೊಳ್ಳೆ ಪರದೆಯೊಳಗೆ ಬೂಸ್ಟು, ಬ್ಯಾಕ್ಟೀರಿಯಾ, ತೀರಾ ಸಣ್ಣ ಜೀವಿಗಳು ಮಾತ್ರ. ಎರಡರ ತೂಕದ ವ್ಯತ್ಯಾಸ ನೋಡಿದರೆ ಯಾರು ಎಷ್ಟು ಕೆಲಸ ಮಾಡಿದರು ಅಂತ ಅಂದಾಜು ಸಿಗುತ್ತದೆ.

ಇನ್ನೊಂದು ಹೇಳಲೇಬೇಕು. ಅಕೇಶಿಯಾದ ಎಲೆ ಅಂತ ನಾವು ಅಂದುಕೊಳ್ಳುವುದು ನಿಜವಾಗಿ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಈಗಷ್ಟೇ ಮೊಳೆತ ಸಸಿ ಹುಡುಕಿ ತೋರಿಸಿ. ಮೊದಲ ಕೆಲವು ಎಲೆಗಳು ಹುಣಸೆ ಎಲೆಯ ಹಾಗೆ ಇರುತ್ತವೆ. ಆಮೇಲೆ ತೊಟ್ಟು ಅಗಲವಾಗುತ್ತಾ ಹೋಗುತ್ತದೆ. ಒಂದೇ ಸಸಿಯಲ್ಲಿ ಎರಡೂ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ನೀರು ಪರೀಕ್ಷೆ ಮಾಡುವವಳು

ಬಾವಿ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜಲ ಜೀವನ್ ಮಿಷನ್ ಬಂದ ಮೇಲೆ ಪಂಚಾಯ್ತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ನಮ್ಮಂಥ ಹೆಂಗಸರಿಗೆ ತರಬೇತಿಯೂ ಆಗಿದೆ. ಪಂಚಾಯ್ತಿಯಲ್ಲಿ ಕೇಳಿ, ನಾವು ಶಾಲೆಗೆ ಬಂದು ತೋರಿಸುತ್ತೇವೆ.

ಮಕ್ಕಳಿಗೆ ಬಹಳ ಹಿಡಿಸುವುದು ಬ್ಯಾಕ್ಟೀರಿಯಾ ಬಾಟಲಿ. ಗುರುತಿನ ತನಕ ನೀರು ತುಂಬಿ, ಒಂದೆರಡು ದಿನ ಬೆಚ್ಚಗೆ ಇಡಬೇಕು. ಕಪ್ಪಾದರೆ ನೀರಿಗೆ ಮಲದ ಸಂಪರ್ಕ ಇರಬಹುದು ಅಂತ. ನಮ್ಮ ಮಳೆಗಾಲದ ಥಂಡಿಯಲ್ಲಿ ಕೋಣೆಯಲ್ಲಿ ಸುಮ್ನೆ ಇಟ್ಟರೆ ಬೇಗ ಗೊತ್ತಾಗುವುದಿಲ್ಲ. ಬಚ್ಚಲು ಒಲೆಯಿಂದ ಸ್ವಲ್ಪ ದೂರ, ಹದವಾಗಿ ಬೆಚ್ಚಗಿರುವ ಕಡೆ ಇಡಿ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಲೇಬಾರದು. ದೊಡ್ಡವರು ಬ್ಲೀಚಿಂಗ್ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಬೇಕು.

ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡುವಾಗ ಒಂದು ಎಚ್ಚರ. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು ಅಂತ ಮಾನದಂಡ. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿಗಳಲ್ಲಿ ಅದಕ್ಕಿಂತ ಕೆಳಗೆ ಬರುವುದು ಅಪರೂಪವಲ್ಲ. ಅಷ್ಟಕ್ಕೇ ಮಕ್ಕಳು "ನೀರು ಕೆಟ್ಟಿದೆ" ಅಂತ ಮನೆಯಲ್ಲಿ ಗಾಬರಿ ಹುಟ್ಟಿಸುವುದು ಬೇಡ. ಆದರೆ ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಪೈಪಿನಲ್ಲಿ ತಂದು ಹಾಗೇ ಕುಡಿಯುವ ಮನೆಗಳಲ್ಲಿ ಬಾಟಲಿ ಕಪ್ಪಾದರೆ, ಅದನ್ನು ಬೋರ್ಡ್ ಮೇಲೆ ಆ ಮಗುವಿನ ಹೆಸರಿನ ಮುಂದೆ ಬರೆಯಬೇಡಿ. ಮೊದಲು ಮನೆಯವರಿಗೆ ಮೆಲ್ಲಗೆ ಹೇಳಿ: ಕುದಿಸಿ ಕುಡಿಯಿರಿ, ಮೂಲದ ಹತ್ತಿರ ದನ ಬರುತ್ತಾ ನೋಡಿ, ಮೇಲುಗಡೆ ಶೌಚದ ಗುಂಡಿ ಇದೆಯಾ ನೋಡಿ. ಒಂದು ಕಡೆ ಹೀಗೆ ಹೆಸರು ಬರೆದಿದ್ದಕ್ಕೆ ಒಂದು ಮಗು ವಾರಗಟ್ಟಲೆ ಶಾಲೆಗೆ ಬರಲಿಲ್ಲ.

ಹೊಸನಗರದ ಮೇಷ್ಟ್ರು

ನಮ್ಮ ಕಡೆ ಮಳೆ ಅಳೆಯಲು ಹೋಗಿ ಕಲಿತದ್ದನ್ನು ಹೇಳುತ್ತೇನೆ. ಒಂದು ಲೀಟರ್ ಬಾಟಲಿಗೆ 10 ಸೆಂಟಿಮೀಟರ್ ಅಗಲದ ಲಾಳಿಕೆ ಇಟ್ಟೆವು. ಜುಲೈನಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ಬಾಟಲಿ ತುಂಬಿ ಹೊರಗೆ ಚೆಲ್ಲಿತ್ತು. ಮಕ್ಕಳೇ ಲೆಕ್ಕ ಹಾಕಿದರು. ಲಾಳಿಕೆಯ ಬಾಯಿ 78.5 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಗೆ 7.85 ಮಿಲಿಲೀಟರ್ ನೀರು. ಅಂದರೆ 127 ಮಿಲಿಮೀಟರ್‌ಗೆ ಬಾಟಲಿ ತುಂಬುತ್ತದೆ. ಆಗುಂಬೆ, ಹುಲಿಕಲ್ ಕಡೆಯ ಮಳೆಗೆ ಅದು ಸಾಲುವುದಿಲ್ಲ! ಬೇರೆ ಕಡೆಯವರು ಬರೆದ ಚಟುವಟಿಕೆ ಪುಸ್ತಕದಲ್ಲಿ ಇದು ಬರುವುದೇ ಇಲ್ಲ. ಈಗ ಐದು ಲೀಟರ್ ಎಣ್ಣೆ ಕ್ಯಾನ್ ಇಟ್ಟಿದ್ದೇವೆ. 600 ಮಿಲಿಮೀಟರ್ ದಾಟುವ ತನಕ ಯೋಚನೆಯಿಲ್ಲ.

ಕ್ಯಾನನ್ನು ಮರದ ಕೆಳಗೆ, ಸೂರಿನ ಹತ್ತಿರ ಇಡಬಾರದು. ಮಣ್ಣಿನಲ್ಲಿ ಅರ್ಧ ಹೂತರೆ ಗಾಳಿಗೆ ಉರುಳುವುದಿಲ್ಲ. ಅಳೆಯುವುದು ಬೆಳಿಗ್ಗೆ 8:30ಕ್ಕೆ. ಹವಾಮಾನ ಇಲಾಖೆಯವರದ್ದೂ ಅದೇ ಹೊತ್ತು, ಹೋಲಿಸಲು ಸುಲಭ.

ನಮ್ಮ ಮಕ್ಕಳಲ್ಲಿ ಒಬ್ಬ ಎರಡು ದಿನ ಅಳೆಯದೆ ಅಂದಾಜಿನ ಮೇಲೆ ಸಂಖ್ಯೆ ಬರೆದಿದ್ದ. ಬೇರೆಯವರ ಲೆಕ್ಕದ ಜೊತೆ ಇಟ್ಟಾಗ ಅವನಿಗೇ ಗೊತ್ತಾಯಿತು. ನಾನು ಬೈಯಲಿಲ್ಲ. ಆ ಎರಡು ದಿನದ ಜಾಗವನ್ನು ಖಾಲಿ ಬಿಡು, ಖಾಲಿ ಜಾಗವೂ ನಿಜವಾದ ಮಾಹಿತಿ ಅಂದೆ. ಈಗಲೂ ಆ ಪಟ್ಟಿ ಗೋಡೆ ಮೇಲಿದೆ, ಎರಡು ಖಾಲಿ ಮನೆಗಳ ಸಮೇತ.

ಹತ್ತನೇ ಕ್ಲಾಸ್ ಹುಡುಗನ ಅಮ್ಮ

ಮೇಷ್ಟ್ರೇ, ಮಗ ಬಾವಿ ಅಳೆಯುತ್ತಿದ್ದಾನೆ. ಐದು ಭಾನುವಾರ ಆಯಿತು. ಮೊದಲ ಎರಡು ವಾರ ಅಷ್ಟು ಮಳೆ ಬಂದರೂ ನೀರು ಏರಲೇ ಇಲ್ಲ. ಮೂರನೇ ವಾರ ಒಮ್ಮೆಗೇ ನಾಲ್ಕು ಅಡಿ ಏರಿತು. ಯಾಕೆ ಅಂತ ಅವರ ಅಪ್ಪನನ್ನು ಕೇಳಿದ. ಅವರಿಗೂ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಅದನ್ನೇ ಮಾತಾಡುತ್ತಿದ್ದರು. ಓದಿನ ಹೊತ್ತು ಏನೂ ಕಡಿಮೆಯಾಗಿಲ್ಲ, ಅದನ್ನೂ ಹೇಳಬೇಕು.

ತೀರ್ಥಹಳ್ಳಿ ಕಡೆಯ ವಿಜ್ಞಾನ ಮೇಷ್ಟ್ರು

ಅಮ್ಮಾ, ಒಣಗಿದ ಮಣ್ಣು ಮೊದಲು ತನ್ನ ಬಾಯಾರಿಕೆ ತೀರಿಸಿಕೊಂಡು ಆಮೇಲೆ ಕೆಳಗೆ ಬಿಡುತ್ತದೆ ಅಂತ ನನ್ನ ಊಹೆ. ಆದರೆ ಅವನಿಗೆ ಹೇಳಬೇಡಿ. ಅಕ್ಟೋಬರ್ ತನಕ ಅಳೆಯಲಿ. ನೀರು ಇಳಿಯುವಾಗಲೂ ಹೀಗೇ ಒಮ್ಮೆಗೇ ಇಳಿಯುತ್ತಾ, ಮೆಲ್ಲಗಾ ಅಂತ ನನಗೂ ನೋಡಬೇಕಿದೆ.

ಎಲ್ಲರ ಮಾತು ಓದಿ ನಾನು ಹೀಗೆ ಯೋಚಿಸಿದ್ದೇನೆ. ಹತ್ತು ಥರ ಬೇಡ, ಎರಡೇ ಕೆಲಸ. ಎಲೆ ಚೀಲಗಳನ್ನು ಎಂಟನೇ ತರಗತಿ ನೋಡಿಕೊಳ್ಳುತ್ತದೆ, ಶಾಲೆಯ ಬೇಲಿಯೊಳಗೇ. ಒಂಬತ್ತನೆಯವರಿಗೆ ಮಳೆ ಮತ್ತು ಹೊಳೆ. ಆ ಪ್ರಶ್ನೆ ಇದು: ನಮ್ಮಲ್ಲಿ ಜೋರು ಮಳೆ ಬಿದ್ದು ಎಷ್ಟು ಹೊತ್ತಿಗೆ ಶಿವಮೊಗ್ಗದ ಮಂಟಪದ ಹತ್ತಿರ ನೀರು ಏರುತ್ತದೆ? ನನಗೆ ನಿಜವಾಗಲೂ ಗೊತ್ತಿಲ್ಲ. ಹೊಸನಗರದ ಮೇಷ್ಟ್ರೇ, ನಿಮ್ಮ ಕಡೆಯ ನೀರು ಹೆಚ್ಚಾಗಿ ಶರಾವತಿಗೆ ಹೋಗುತ್ತದೆ. ನಿಮ್ಮ ಲೆಕ್ಕವನ್ನು ಲಿಂಗನಮಕ್ಕಿ ಮಟ್ಟದ ಜೊತೆ ಇಟ್ಟು ನೋಡಬಹುದಲ್ವಾ? ಸಾಗರದ ಅಜ್ಜ, ಎರೆಹುಳಕ್ಕೆ ಸೆಪ್ಟೆಂಬರ್‌ನಲ್ಲಿ ಬರುತ್ತೇವೆ, ಕೊನೆ ಕೊಯ್ಲು ಶುರುವಾಗುವ ಮುಂಚೆ.

ತೋಟದ ಮನೆ, ಸಾಗರ

ಬನ್ನಿ. ಗೋಣಿ, ಗುದ್ದಲಿ ನಮ್ಮಲ್ಲಿದೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು ತಯಾರಿಟ್ಟಿರುತ್ತೇನೆ. ಮಧ್ಯಾಹ್ನ ಮಕ್ಕಳೆಲ್ಲ ನಮ್ಮ ಮನೆಯಲ್ಲೇ ಊಟ ಮಾಡಬೇಕು. ಎಷ್ಟು ಜನ ಅಂತ ಎರಡು ದಿನ ಮುಂಚೆ ಹೇಳಿ.

ಶಿವಮೊಗ್ಗ ಪೇಟೆಯ ಟೀಚರ್

ಸರ್, ಮಂಟಪ ನಮ್ಮ ಮಕ್ಕಳದ್ದು. ಒಂದು ತೊಡಕಿದೆ, ಈಗಲೇ ಹೇಳುತ್ತೇನೆ. ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆ. ಗೇಟು ಎಷ್ಟು ತೆರೆದರು ಅನ್ನುವುದರ ಮೇಲೂ ನಮ್ಮ ಮಟ್ಟ ಏರಿಳಿಯುತ್ತದೆ. ಹಾಗಾಗಿ ಪೇಪರ್‌ನಲ್ಲಿ ಬರುವ ಹೊರಹರಿವಿನ ಕ್ಯೂಸೆಕ್ಕನ್ನೂ ಮೂರನೇ ಸಾಲಾಗಿ ಬರೆಯುತ್ತೇವೆ. ಫೋಟೋ ತೆಗೆಯುವ ಹೊತ್ತನ್ನು 8ರಿಂದ 8:30ಕ್ಕೆ ಬದಲಾಯಿಸಿದ್ದೇವೆ. ನಿಮ್ಮ ಕ್ಯಾನ್ ಅಳೆಯುವ ಹೊತ್ತಿಗೇ ನಮ್ಮ ಹುಡುಗಿ ಸೇತುವೆ ಮೇಲೆ ಅಪ್ಪನ ಜೊತೆ ಕೊಡೆ ಹಿಡಿದು ನಿಂತಿರುತ್ತಾಳೆ. ಸೋಮವಾರದಿಂದ ಶುರು ಮಾಡೋಣವಾ?

ತೀರ್ಥಹಳ್ಳಿ ಕಡೆಯ ವಿಜ್ಞಾನ ಮೇಷ್ಟ್ರು

ಸೋಮವಾರ. ಕ್ಯಾನ್ ಇವತ್ತು ಸಂಜೆಯೇ ಹೂಳುತ್ತೇವೆ.